ಓದುಗರ ಪ್ರಶ್ನೆ: ಮೋತಿಬಿಂದು ಶಸ್ತ್ರಚಿಕಿತ್ಸೆ ಕಲಿಯಲು ಎಂಥ ಕೋರ್ಸು?

ಪ್ರಶ್ನೆ: ಎಂ.ಎಸ್. ಮುಗಿಸಿದ್ದೇನೆ. ಸ್ವಂತ ಕೈಯಿಂದ ಪೂರ್ತಿ ಮಾಡಿದ ಮೋತಿಬಿಂದು ಶಸ್ತ್ರಚಿಕಿತ್ಸೆಗಳು ಕಡಿಮೆ. ನೇರವಾಗಿ ಫೇಕೋ (ಅಲ್ಟ್ರಾಸೌಂಡ್‌ನಿಂದ ಪೊರೆ ಒಡೆದು ಹೀರಿ ತೆಗೆಯುವ ವಿಧಾನ) ಕಲಿಯಲೇ, ಎಸ್‌ಐಸಿಎಸ್ (ಸಣ್ಣ ಗಾಯದ ಮೂಲಕ ಕೈಯಿಂದಲೇ ಪೊರೆ ತೆಗೆಯುವ ವಿಧಾನ) ಮೊದಲು ಕಲಿಯಲೇ? ‘ಇಷ್ಟು ಕೇಸು ಖಾತ್ರಿ’ ಎನ್ನುವ ಜಾಹೀರಾತು ನಂಬಬಹುದೇ?
– ನೇತ್ರವೈದ್ಯೆ, ಜಮಖಂಡಿ

ಉತ್ತರ: ಮೊದಲು ಎಸ್‌ಐಸಿಎಸ್ ಕಲಿಯಿರಿ. ಕಣ್ಣು ಪೂರ್ತಿ ಮಂಜಾದ ಮೇಲೆ, ಸುಗ್ಗಿ ಮುಗಿಸಿಕೊಂಡು ಬರುವ ರೈತರು ನಿಮ್ಮ ಕಡೆ ಸಾಕಷ್ಟಿದ್ದಾರೆ. ಅವರ ಪೊರೆ ಕಂದಾಗಿ ಗಟ್ಟಿಯಾಗಿರುತ್ತದೆ, ಇಲ್ಲವೇ ಬೆಳ್ಳಗೆ ಉಬ್ಬಿರುತ್ತದೆ. ಗಟ್ಟಿ ಪೊರೆ ಒಡೆಯಲು ಫೇಕೋದಲ್ಲಿ ಹೆಚ್ಚು ಅಲ್ಟ್ರಾಸೌಂಡ್ ಬೇಕು. ಹೊಸ ಕೈಯಲ್ಲಿ ಅದು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಳಮೈಯ ಎಂಡೋಥೀಲಿಯಂ ಕೋಶಗಳನ್ನು ಕೊಲ್ಲುತ್ತದೆ, ಅವು ಮತ್ತೆ ಹುಟ್ಟುವುದಿಲ್ಲ. ಫೇಕೋ ನಡುವೆ ಕೈಕೊಟ್ಟರೂ ಗಾಯ ಹಿಗ್ಗಿಸಿ ನ್ಯೂಕ್ಲಿಯಸ್ (ಪೊರೆಯ ನಡುವಿನ ತಿರುಳು) ಇಡಿಯಾಗಿ ಹೊರತೆಗೆಯಲು ಎಸ್‌ಐಸಿಎಸ್ ಬಂದಿರಬೇಕು.

ಇನ್ನು ಕೇಸಿನ ಲೆಕ್ಕ. ಸೈಡ್‌ಪೋರ್ಟ್ (ಪಕ್ಕದ ಸಣ್ಣ ತೂತು) ಹಾಕಿದ್ದನ್ನೂ ಲೆನ್ಸ್ ಕೂರಿಸಿದ್ದನ್ನೂ ಒಂದೊಂದು ‘ಕೇಸು’ ಎಂದು ಎಣಿಸುವವರಿದ್ದಾರೆ. ಟನೆಲ್‌ನಿಂದ (ಕಣ್ಣೊಳಗೆ ಹೋಗುವ ಸುರಂಗದಂಥ ಗಾಯ) ಲೆನ್ಸ್‌ವರೆಗೆ ಎಷ್ಟು ಕಣ್ಣು ನನ್ನದೇ ಕೈಯಲ್ಲಿ, ಗುರುಗಳು ಅಸಿಸ್ಟೆಂಟ್ ಸ್ಕೋಪ್‌ನಲ್ಲಿ (ಜೊತೆಗೇ ನೋಡುವ ಸೂಕ್ಷ್ಮದರ್ಶಕ) ಕೂತಿರುತ್ತಾರೆಯೇ, ಒಂದು ಟೇಬಲ್‌ಗೆ ಎಷ್ಟು ಜನ ಕಲಿಯುವವರು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವಿಡಿಯೋ ಇಟ್ಟು ಅಂತರರಾಷ್ಟ್ರೀಯ ನೇತ್ರವೈದ್ಯ ಮಂಡಳಿಯ ಐಸಿಒ-ಆಸ್ಕರ್ ಪಟ್ಟಿಯಂತೆ ಹಂತ ಹಂತಕ್ಕೂ ಅಂಕ ಕೊಡುವ ಕೋರ್ಸು ಸಿಕ್ಕರೆ ಬಿಡಬೇಡಿ.

ಎಲ್ಲಕ್ಕಿಂತ ಮುಖ್ಯ, ಎಡವಟ್ಟಾದಾಗ ಏನು ಮಾಡುತ್ತಾರೆ ಎಂಬುದು. ಟನೆಲ್ಲನ್ನೇ ನೋಡಿ: ಲಿಂಬಸ್‌ನಿಂದ (ಕಾರ್ನಿಯಾ, ಬಿಳಿಭಾಗ ಸೇರುವ ಅಂಚು) 1.5–2 ಮಿ.ಮೀ. ಹಿಂದೆ, 6–6.5 ಮಿ.ಮೀ. ಅಗಲ, ಸ್ಕ್ಲೀರಾದ (ಕಣ್ಣಿನ ಬಿಳಿಭಾಗ) ಅರ್ಧ ದಪ್ಪದಲ್ಲಿ ಹೊರಟು, ಸ್ವಚ್ಛ ಕಾರ್ನಿಯಾದೊಳಗೆ 1–1.5 ಮಿ.ಮೀ. ಸಾಗಬೇಕು. ಕ್ರೆಸೆಂಟ್ (ಟನೆಲ್ ಕೊರೆಯುವ ಬ್ಲೇಡ್) ಮೇಲೆ ತೇಲಿದರೆ ಮೇಲ್ಪದರ ತೂತಾಗುತ್ತದೆ. ಆಗ ಇನ್ನೊಂದು ತುದಿಯಿಂದ ತುಸು ಆಳದಲ್ಲಿ ಹೊಸದಾಗಿ ಶುರುಮಾಡಬೇಕು. ಆಳಕ್ಕಿಳಿದರೆ ಬೇಗನೆ ಒಳಹೊಕ್ಕು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪದರ) ಹೊರಗೆ ಬರುತ್ತದೆ. ಅಲ್ಲಿಗೇ ನಿಲ್ಲಿಸಿ, ಇನ್ನೊಂದು ತುದಿಯಿಂದ ಮೇಲ್ಮಟ್ಟದಲ್ಲಿ ಬಂದು, ಕೊನೆಗೆ ಹೊಲಿಗೆ ಹಾಕಬೇಕು. ಇಂಥ ಗಳಿಗೆಯಲ್ಲಿ ಕುರ್ಚಿ ಬಿಡಿಸಿ ತಾವೇ ಮುಗಿಸುವ ಗುರುಗಳಿಂದ ನೀವು ಕಲಿಯುವುದು ಅರ್ಧ ಮಾತ್ರ. ಮಸೂರದ ಚೀಲದ ಹಿಂಪೊರೆ ಹರಿದಾಗ ಆಂಟೀರಿಯರ್ ವಿಟ್ರೆಕ್ಟಮಿ (ಮುಂದೆ ಬಂದ ಕಣ್ಣಿನ ಜೆಲ್ ಕತ್ತರಿಸಿ ತೆಗೆಯುವುದು) ಕಲಿಸುತ್ತಾರೆಯೇ ಎಂಬುದನ್ನೂ ವಿಚಾರಿಸಿ.

1976ರಲ್ಲಿ ಶುರುವಾದ ಮದುರೈನ ಅರವಿಂದ ಆಸ್ಪತ್ರೆಯಲ್ಲಿ ಎಸ್‌ಐಸಿಎಸ್, ಫೇಕೋ ಎರಡಕ್ಕೂ ತರಬೇತಿಯಿದೆ. ಅಷ್ಟು ದೂರ ಹೊರಡುವ ಮುನ್ನ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಮೆಡಿಕಲ್ ಕಾಲೇಜುಗಳ ನೇತ್ರವಿಭಾಗಗಳಲ್ಲೂ ಕೇಳಿ ನೋಡಿ.

ಪ್ರಶ್ನೆ: ಮೇಕೆ ಕಣ್ಣಿನ ಮೇಲೆ ಅಭ್ಯಾಸ ಮಾಡಿದರೆ ಉಪಯೋಗವಿದೆಯೇ?
– ಪಿ.ಜಿ. ವಿದ್ಯಾರ್ಥಿ, ವಿಜಯಪುರ

ಉತ್ತರ: ಟನೆಲ್‌ಗೂ ಹೊಲಿಗೆಗೂ ಖಂಡಿತ ಇದೆ. ಅದೇ ದಿನದ ಕಣ್ಣೇ ಬೇಕು, ತಡವಾದರೆ ಕಾರ್ನಿಯಾ ಮಸುಕಾಗುತ್ತದೆ. ಗುಡ್ಡೆ ಮೆತ್ತಗಾಗಿದ್ದರೆ ನರದ ಕಡೆಯಿಂದ ಸಲೈನ್ ಚುಚ್ಚಿ ಬಿಗಿ ಮಾಡಿಕೊಳ್ಳಿ. ರೆಕ್ಸಿಸ್ (ಮಸೂರದ ಚೀಲದ ಮುಂಪೊರೆಯನ್ನು ದುಂಡಗೆ ಹರಿದು ತೆಗೆಯುವುದು) ಮಾತ್ರ ಸತಾಯಿಸುತ್ತದೆ: ಆ ಪೊರೆ ರಬ್ಬರಿನಂತೆ ಎಳೆಯುವುದರಿಂದ ಅಂಚಿಗೆ ಓಡುತ್ತದೆ. ವಿಸ್ಕೋ (ಕಣ್ಣೊಳಗೆ ತುಂಬುವ ಜೆಲ್) ತುಂಬಿ, ಹೆಜ್ಜೆಹೆಜ್ಜೆಗೂ ಅಂಚನ್ನು ಹರಿವಿನ ಹತ್ತಿರವೇ ಹಿಡಿಯಿರಿ. ನ್ಯೂಕ್ಲಿಯಸ್ ಮೆದು, ಹಾಗಾಗಿ ಗಟ್ಟಿ ಪೊರೆ ಹೊರತೆಗೆಯುವ ಅನುಭವ ಇಲ್ಲಿ ಸಿಗದು.

ಪ್ರಶ್ನೆ: ಅವ್ವನ ಆಪರೇಷನ್ ಕಲಿಯುವ ಡಾಕ್ಟರು ಮಾಡುತ್ತಾರಾ ಎಂದು ಕೇಳಬಹುದೇ?
– ಗೋಕಾಕ

ಉತ್ತರ: ಸಹಿ ಹಾಕುವ ಮುಂಚೆಯೇ ಕೇಳಿ, ಅದು ನಿಮ್ಮ ಹಕ್ಕು. ಅವ್ವನಿಗೆ ಇರುವುದು ಅದೊಂದೇ ಕಣ್ಣಾಗಿದ್ದರೆ, ಅಥವಾ ಪಾಪೆ ಸರಿಯಾಗಿ ಹಿಗ್ಗದಿದ್ದರೆ ಅನುಭವಿ ವೈದ್ಯರೇ ಮಾಡಬೇಕೆಂದು ಸ್ಪಷ್ಟವಾಗಿ ಹೇಳಿ.