ಅಮ್ಮನ ಟ್ರಯಾಥ್ಲಾನ್, ಅಪ್ಪನ ಜೊತೆ ಮಕ್ಕಳು

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ಗೋವಾದಲ್ಲಿ ನಡೆಯುವ ಐರನ್‌ಮ್ಯಾನ್ 70.3 ಟ್ರಯಾಥ್ಲಾನ್‌ಗೆ (ಈಜು, ಸೈಕಲ್, ಓಟ ಒಂದರ ಹಿಂದೊಂದು) ನನ್ನ ಹೆಂಡತಿ ಹೆಸರು ಕೊಟ್ಟಿದ್ದಾಳೆ. ಇದು ಅವಳ ಮೊದಲ ಸ್ಪರ್ಧೆ. ಮಗಳಿಗೆ 5 ವರ್ಷ, ಮಗನಿಗೆ 2. ಎಲ್ಲರೂ ಒಟ್ಟಿಗೆ ಹೋಗಬೇಕೆಂದು ನನ್ನ ಆಸೆ. 'ಮಕ್ಕಳನ್ನು ಇಲ್ಲೇ ಬಿಡಿ, ಆ ಬಿಸಿಲಲ್ಲಿ ಅವು ಏನು ಮಾಡ್ತಾವೆ' ಅಂತ ಅಮ್ಮ ಹೇಳ್ತಾರೆ. ಏನು ಮಾಡಲಿ?
— ಓದುಗರು, ಪೊನ್ನಂಪೇಟೆ

ಉತ್ತರ: ಕರೆದುಕೊಂಡು ಹೋಗಿ. ಆದರೆ ಅವಳ ಹಿಂದೆ ಊರೆಲ್ಲ ಓಡಾಡುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಆ ದಿನ ನಿಮ್ಮ ಪಾಲಿನ ಕೆಲಸ ಮಕ್ಕಳ ಊಟ, ನಿದ್ದೆ, ನೆರಳು. ಅದು ಸರಿಯಾಗಿ ನಡೆದರೆ ಅವಳು ನಿಶ್ಚಿಂತೆಯಿಂದ ಓಡುತ್ತಾಳೆ. ನನ್ನ ಗಂಡನಿಗೂ ಇದೇ ಹುಚ್ಚು. ಮಕ್ಕಳನ್ನು ಕಟ್ಟಿಕೊಂಡು ರಸ್ತೆ ಬದಿಯಲ್ಲಿ ಕಾದವಳ ಮಾತು ಇದು.

ನಮ್ಮ ಕಡೆ ಹಾಕಿ ನೋಡಿ ಬೆಳೆದವರಿಗೆ ಈ ಆಟ ನೋಡುವುದು ಬೇರೆಯೇ ಅನುಭವ. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ ನೀವು ಹೋಗಿರುತ್ತೀರಿ. ಗ್ಯಾಲರಿಯಲ್ಲಿ ಕೂತರೆ ಇಡೀ ಆಟ ಕಣ್ಣೆದುರೇ ಇರುತ್ತದೆ. ಐರನ್‌ಮ್ಯಾನ್‌ನಲ್ಲಿ ಹಾಗಲ್ಲ: 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಮುಗಿಸಲು ಸಾಮಾನ್ಯವಾಗಿ ಎಂಟೂವರೆ ಗಂಟೆ ಕೊಡುತ್ತಾರೆ. ಅಷ್ಟು ಹೊತ್ತಿನಲ್ಲಿ ನಿಮ್ಮಾಕೆ ನಿಮ್ಮ ಕಣ್ಣಿಗೆ ಬೀಳುವುದು ಕೆಲವೇ ನಿಮಿಷ.

ಈಜು ಶುರುವಾಗುವಾಗ ಮಕ್ಕಳು ಹೆದರುತ್ತಾರೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನೂರಾರು ಜನ, ತಲೆಗೆಲ್ಲ ಒಂದೇ ತರಹದ ರಬ್ಬರ್ ಟೋಪಿ, ಕಣ್ಣಿಗೆ ಗಾಗಲ್ಸ್. ನೀರಿಗಿಳಿದ ಮೇಲೆ ಯಾರು ಯಾರೆಂದು ಗೊತ್ತೇ ಆಗುವುದಿಲ್ಲ. ನನ್ನ ಮಗಳು ನನ್ನ ಸೆರಗು ಹಿಡಿದು 'ಅಪ್ಪ ಯಾವ ಟೋಪಿ, ಅಪ್ಪ ಯಾವ ಟೋಪಿ' ಅಂತ ಕೇಳಿದಳು. ಆಮೇಲೆ ಅತ್ತಳು. ಐದು ವರ್ಷದ ಮಗುವಿಗೆ ಅಪ್ಪ ಸಮುದ್ರದೊಳಗೆ ಹೋಗಿ ಕಾಣೆಯಾದ ಹಾಗೇ ಅಲ್ಲವೇ? ಹಾಗಾಗಿ ನಿಮ್ಮ ಮಗಳಿಗೆ ಮನೆಯಲ್ಲೇ ಹೇಳಿ: ಅಮ್ಮ ಇಲ್ಲಿ ಇಳಿದು ಅಲ್ಲಿ ಹತ್ತಿ ಬರ್ತಾಳೆ, ನೀರಿನಲ್ಲಿ ದೋಣಿಯವರು ಕಾವಲಿರ್ತಾರೆ, ನಡುವೆ ನಮಗೆ ಕಾಣೋದಿಲ್ಲ. ನೀವು ನಿಲ್ಲಬೇಕಾದ್ದು ಈಜುಗಾರರು ದಡ ಹತ್ತುವ ಕಡೆ. ಅಮ್ಮ ಒದ್ದೆ ಮೈಯಲ್ಲಿ ಎದ್ದು ಓಡಿ ಬರುವುದನ್ನು ಅವಳು ನೋಡಲೇಬೇಕು. ಅದು ತಪ್ಪಿದರೆ ಮಧ್ಯಾಹ್ನದವರೆಗೂ 'ಅಮ್ಮ ಎಲ್ಲಿ' ಅನ್ನುವುದು ನಿಲ್ಲುವುದಿಲ್ಲ.

ಸೈಕಲ್ ಹೊತ್ತಿನಲ್ಲಿ ರೂಮಿಗೆ ಹೋಗಿಬಿಡಿ. ಮೊದಲ ಸಲದವರಿಗೆ 90 ಕಿಲೋಮೀಟರಿಗೆ ಮೂರೂವರೆ, ನಾಲ್ಕು ಗಂಟೆ ಹಿಡಿಯಬಹುದು. ಸೈಕಲ್ ಎದುರಿಂದ ಹಾದುಹೋಗುವುದು ಎರಡು ಸೆಕೆಂಡ್. ಆ ಎರಡು ಸೆಕೆಂಡಿಗಾಗಿ ಚಿಕ್ಕವನ ನಿದ್ದೆ ಕೆಡಿಸಬೇಡಿ. ತಿಂಡಿ ತಿನ್ನಿಸಿ, ಸ್ನಾನ ಮಾಡಿಸಿ, ಮಲಗಿಸಿ. ಅಂದು ರಸ್ತೆಗಳನ್ನು ಬಂದ್ ಮಾಡಿರುತ್ತಾರೆ, ಕಾರು ನಂಬಿಕೊಂಡರೆ ಸಿಕ್ಕಿಬೀಳುತ್ತೀರಿ. ಆದ್ದರಿಂದ ನಡೆದು ಹೋಗುವಷ್ಟು ದೂರದಲ್ಲಿ ರೂಮು ಮಾಡಿ, ಎರಡು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ಅವಳ ಕಾಲಿಗೆ ಕಟ್ಟಿದ ಚಿಪ್‌ನಿಂದ ಅವಳು ಎಲ್ಲಿದ್ದಾಳೆಂದು ಫೋನಿನ ಆ್ಯಪ್‌ನಲ್ಲಿ ನೋಡಬಹುದು. ಚಿಪ್ ಸಮಯ ದಾಖಲಿಸುವುದು ರಸ್ತೆಯಲ್ಲಿ ಹಾಸಿದ ಮ್ಯಾಟ್ ದಾಟಿದಾಗ ಮಾತ್ರ. ತುಂಬ ಹೊತ್ತು ಹೊಸ ಸಮಯ ಬರಲಿಲ್ಲವೆಂದು ಎದೆ ಒಡೆದುಕೊಳ್ಳಬೇಡಿ.

ನಿಮ್ಮ ಶಕ್ತಿಯನ್ನೆಲ್ಲ ಓಟಕ್ಕೆ ಉಳಿಸಿಕೊಳ್ಳಿ. ಅವಳು ಸೋಲುವುದೂ ಅಲ್ಲೇ, ನೀವು ಬೇಕಾಗುವುದೂ ಅಲ್ಲೇ. ಬೆಳಿಗ್ಗೆ ಏಳರ ಹೊತ್ತಿಗೆ ನೀರಿಗಿಳಿದವಳು ಓಡಲು ಶುರುಮಾಡುವಾಗ ನಡುಮಧ್ಯಾಹ್ನವಾಗಿರುತ್ತದೆ. ನಮ್ಮ ತೋಟದ ತಂಪಿನಲ್ಲಿ ಅಭ್ಯಾಸ ಮಾಡಿದ ಮೈಗೆ ಕರಾವಳಿಯ ಆ ಸೆಕೆ ತಡೆಯುವುದು ಸುಲಭವಲ್ಲ. ಮಾರ್ಗದ ನಕ್ಷೆಯನ್ನು ಮೊದಲೇ ನೋಡಿ, ಓಟಗಾರರು ಹೋಗುತ್ತಾ ಬರುತ್ತಾ ದಾಟುವ ಒಂದು ಜಾಗ, ಮರದ ನೆರಳು ಇರುವುದನ್ನು, ಹಿಂದಿನ ದಿನವೇ ಗೊತ್ತುಮಾಡಿಕೊಂಡು ಅವಳಿಗೂ ತೋರಿಸಿ. 'ಆ ಮರದ ಹತ್ತಿರ ಮಕ್ಕಳಿರ್ತಾರೆ' ಅನ್ನುವುದು ಗೊತ್ತಿದ್ದರೆ ಅಲ್ಲಿವರೆಗೆ ಓಡಲು ಅವಳಿಗೆ ಒಂದು ಗುರಿ ಸಿಗುತ್ತದೆ.

ಪ್ರೀತಿಯಿಂದಲೂ ಕೆಡುಕಾಗಬಹುದು, ಗಮನವಿರಲಿ. ಹೊರಗಿನವರು ಸ್ಪರ್ಧಿಗೆ ನೀರು, ಹಣ್ಣು, ಏನನ್ನೂ ಕೊಡುವಂತಿಲ್ಲ. ಪಕ್ಕದಲ್ಲಿ ಓಡುತ್ತ ಜೊತೆ ಕೊಡುವಂತೆಯೂ ಇಲ್ಲ. ಕೊನೆಯ ಗೆರೆಯನ್ನು ಮಕ್ಕಳನ್ನು ಎತ್ತಿಕೊಂಡು ದಾಟುವ ಆಸೆ ಎಲ್ಲ ಅಮ್ಮಂದಿರಿಗೂ ಇರುತ್ತದೆ, ಆದರೆ ಐರನ್‌ಮ್ಯಾನ್ ಸ್ಪರ್ಧೆಗಳಲ್ಲಿ ಹಾಗೆ ಮಾಡಿದರೆ ಅನರ್ಹಗೊಳಿಸಬಹುದು. ಮಗ ಬೇಲಿಯಡಿ ನುಸುಳದಂತೆ ಕೈ ಬಿಗಿಯಾಗಿ ಹಿಡಿದುಕೊಳ್ಳಿ. ಕೂಗಲು ಯಾರ ಅಡ್ಡಿಯೂ ಇಲ್ಲ. ಮಗಳು ಗಂಟಲು ಹರಿಯುವ ಹಾಗೆ ಕೂಗಲಿ.

ಮುಗಿಸಿ ಬಂದ ಕೂಡಲೇ ಮಕ್ಕಳು ಮೇಲೆ ಹಾರುತ್ತಾರೆ. ಅವಳಿಗೆ ನಿಲ್ಲಲೂ ಆಗದೆ ಇರಬಹುದು, ವಾಂತಿಯೂ ಆಗಬಹುದು. ಮೊದಲು ನೆರಳಿನಲ್ಲಿ ಕೂರಿಸಿ, ಚಪ್ಪಲಿ ಕೊಡಿ, ಆಮೇಲೆ ಒಬ್ಬೊಬ್ಬರನ್ನೇ ಮಡಿಲಿಗೆ ಬಿಡಿ. ಅವಳ ಸೈಕಲ್ ತರಲು ಯಾರಿಗೆ ಬಿಡುತ್ತಾರೆ ಎಂದು ಹಿಂದಿನ ದಿನ ನೋಂದಣಿಯಲ್ಲೇ ಕೇಳಿಟ್ಟುಕೊಳ್ಳಿ. ಅದೇ ಸಂಜೆ ಊರಿಗೆ ಹೊರಡಬೇಡಿ. ಸಂಪಾಜೆ ಘಾಟಿ ದಾಟಿ, ಮಂಗಳೂರು, ಉಡುಪಿ, ಕಾರವಾರ ಹಿಡಿದು ಹೋಗುವ ದಾರಿ 500 ಕಿಲೋಮೀಟರಿಗೂ ಹೆಚ್ಚು. ಹೋಗುವಾಗಲೂ ಕುಂದಾಪುರದ ಆಸುಪಾಸಿನಲ್ಲಿ ಒಂದು ರಾತ್ರಿ ತಂಗಿ. ಘಾಟಿ ಇಳಿಯುವಾಗ ವಾಂತಿ ಮಾಡುವ ಮಕ್ಕಳಾದರೆ ಮಡಿಕೇರಿಯಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ.

ಇನ್ನು ನಿಮ್ಮ ಅಮ್ಮನ ಮಾತು. ಬಿಸಿಲಿನ ಬಗ್ಗೆ ಅವರು ಹೇಳುವುದು ಸರಿಯೇ. ಇಬ್ಬರು ಮಕ್ಕಳನ್ನು ನೀವೊಬ್ಬರೇ ಎಂಟು ಗಂಟೆ ನೋಡಿಕೊಳ್ಳುವುದು ಕಷ್ಟ, ಅದರಲ್ಲೂ ಒಬ್ಬನಿಗೆ ನಿದ್ದೆ, ಒಬ್ಬಳಿಗೆ ಉಚ್ಚೆ ಒಟ್ಟಿಗೇ ಬಂದಾಗ. ಹಾಗಾಗಿ ಮಕ್ಕಳನ್ನು ಅವರ ಹತ್ತಿರ ಬಿಡುವ ಬದಲು ಅವರನ್ನೇ ಕರೆದುಕೊಂಡು ಹೋಗಿ. ಮಗ ಏಳದಿದ್ದರೆ ಅವರು ರೂಮಿನಲ್ಲಿ ಅವನ ಜೊತೆ ಇರುತ್ತಾರೆ, ನೀವು ಮಗಳ ಜೊತೆ ಓಟದ ದಾರಿಯಲ್ಲಿ ನಿಲ್ಲಬಹುದು. ಕೊನೆಯ ಅರ್ಧ ಗಂಟೆಗೆ ಮಾತ್ರ ಇಬ್ಬರನ್ನೂ ಕರೆಸಿಕೊಳ್ಳಿ. ಸೊಸೆ ಗೆರೆ ದಾಟುವುದನ್ನು ಅವರೂ ಅಲ್ಲೇ ನಿಂತು ನೋಡಲಿ.