ಓದುಗರ ಪ್ರಶ್ನೆ: ದಾಳಿಯಾಚೆಗಿನ ನ್ಯಾಯಮೂರ್ತಿ ವೆಂಕಟಾಚಲ

ಪ್ರಶ್ನೆ: ನಮ್ಮ ತಾಲ್ಲೂಕಿನವರೇ ಆದ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರ ಮಾತು ಬಂದರೆ ಹಿರಿಯರು ಸರ್ಕಾರಿ ಕಚೇರಿಗಳ ಮೇಲಿನ ದಾಳಿಯನ್ನಷ್ಟೇ ನೆನೆಯುತ್ತಾರೆ. ಅವರಿಂದ ಉಳಿದದ್ದು ಅಷ್ಟೇನೇ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಮಿಟ್ಟೂರಿನಲ್ಲಿ 1930ರಲ್ಲಿ ಹುಟ್ಟಿದ ವೆಂಕಟಾಚಲ ಅವರು 1977ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು, 1992ರಿಂದ 1995ರವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದರು. ಆದರೂ ಜನ ಅವರನ್ನು ಗುರುತಿಸಿದ್ದು ನಿವೃತ್ತಿಯ ನಂತರ, 2001ರಲ್ಲಿ ಲೋಕಾಯುಕ್ತರಾದ ಮೇಲೆ. ಲೋಕಾಯುಕ್ತ ಕಾಯ್ದೆ 1984ರದು. ಅವರಿಗಿಂತ ಮೊದಲು ಮೂವರು ಆ ಹುದ್ದೆಯಲ್ಲಿದ್ದರೂ, ಖಾತೆ ಬದಲಾವಣೆಗೋ ಪಹಣಿಗೋ ಅಲೆಯುವ ರೈತನಿಗೆ ಅಂಥದೊಂದು ಬಾಗಿಲಿದೆ ಎಂಬುದು ತಿಳಿದದ್ದು ಇವರ ಕಾಲದಲ್ಲೇ. ಆಸ್ಪತ್ರೆ, ಕಚೇರಿಗಳಿಗೆ ದಿಢೀರ್ ಭೇಟಿ ನೀಡಿ, ತಪ್ಪು ಕಂಡಲ್ಲಿ ಅಧಿಕಾರಿಯನ್ನು ಅಲ್ಲಿಯೇ, ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಟಿ.ವಿ. ಕ್ಯಾಮೆರಾಗಳ ಮುಂದೆ ಹಾಗೆ ಗದರುವುದು ನ್ಯಾಯಮೂರ್ತಿಗೆ ಒಪ್ಪುವುದೇ ಎಂಬ ಆಕ್ಷೇಪವಿತ್ತು. ವಿಚಾರಣೆಗೆ ಮುನ್ನವೇ ಮಾನ ಹೋಗುವುದರಿಂದ ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅವರಿಗೆ ಬೇರೆ ಅಸ್ತ್ರವೂ ಹೆಚ್ಚಿರಲಿಲ್ಲ ಎಂಬುದನ್ನು ಗಮನಿಸಬೇಕು. ಲೋಕಾಯುಕ್ತರು ತನಿಖೆ ಮಾಡಿ ವರದಿ ಕೊಡಬಲ್ಲರು, ಶಿಫಾರಸು ಮಾಡಬಲ್ಲರು. ಶಿಸ್ತುಕ್ರಮ ಸರ್ಕಾರದ ಕೈಯಲ್ಲಿದೆ. ಲಂಚಕೋರನನ್ನು ಹಿಡಿಯಲೆಂದು ಪೊಲೀಸರು ಫಿನಾಫ್ತಲೀನ್ ಪುಡಿ ಸವರಿದ ನೋಟು ಮುಟ್ಟಿದ ಕೈ ಸೋಡಾ ದ್ರಾವಣದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿ ನೌಕರ ಸಿಕ್ಕಿಬಿದ್ದ ಪ್ರಕರಣದಲ್ಲೂ, ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯಬೇಕಾದರೆ ಮೇಲಧಿಕಾರಿಗಳ ಮಂಜೂರಾತಿ ಬೇಕು. ಕಡತ ಕೂತುಬಿಡುವುದು ಅಲ್ಲಿಯೇ. ಶಿಕ್ಷೆ ತಮ್ಮ ಕೈಯಲ್ಲಿಲ್ಲದ ಕಾರಣ ಅವರು ಲಜ್ಜೆಯನ್ನೇ ಶಿಕ್ಷೆಯಾಗಿಸಿದರು ಎನ್ನಬಹುದು. ದೂರು ಕೊಡುವ ಧೈರ್ಯ ಜನರಿಗೆ ಬಂದದ್ದು ಅದರ ಫಲ. 2006ರಲ್ಲಿ ಅವರ ನಂತರ ಬಂದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ನೀಡುವ ಹೊತ್ತಿಗೆ ನಾಡು ಆ ಸಂಸ್ಥೆಯ ಮಾತಿಗೆ ಕಿವಿಗೊಡುತ್ತಿತ್ತು. ವೆಂಕಟಾಚಲ ಅವರು 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಪ್ರಶ್ನೆ: ನಡುವೆ ಲೋಕಾಯುಕ್ತ ಪೊಲೀಸರ ಅಧಿಕಾರ ಹೋಗಿತ್ತಲ್ಲ, ಈಗ ಹೇಗಿದೆ?
– ಓದುಗರೊಬ್ಬರು, ಕೋಲಾರ

ಉತ್ತರ: 2016ರಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ ಆ ಅಧಿಕಾರವನ್ನು ಅದಕ್ಕೆ ವಹಿಸಿತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಪಡಿಸಿದ್ದರಿಂದ, ಲಂಚದ ಪ್ರಕರಣಗಳ ತನಿಖೆ ಮತ್ತೆ ಲೋಕಾಯುಕ್ತ ಪೊಲೀಸರ ಪಾಲಿಗೆ ಬಂದಿದೆ. ಲಂಚ ಕೇಳಿದವರನ್ನು ಹಿಡಿಸಬೇಕಾದರೆ ಹಣ ಕೊಡುವ ಮೊದಲೇ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಬಳಿ ಹೋಗಬೇಕು. ಕಚೇರಿಯ ವಿಳಂಬ, ದುರಾಡಳಿತದ ಬಗ್ಗೆಯಾದರೆ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಲಿಖಿತ ದೂರು ಸಲ್ಲಿಸಬೇಕು.