ಮೆಕೆಲ್ ಚೀಲ: ನೂರಕ್ಕೆ ಇಬ್ಬರಲ್ಲಿದ್ದರೂ ತೊಂದರೆ ಎಷ್ಟು ಮಂದಿಗೆ?

ಪ್ರಶ್ನೆ: ಅಪೆಂಡಿಕ್ಸ್ ಆಪರೇಷನ್ ಮಾಡುವಾಗ ನನ್ನ ತಮ್ಮನ (28 ವರ್ಷ) ಸಣ್ಣ ಕರುಳಿನಲ್ಲಿ ಮೆಕೆಲ್ ಡೈವರ್ಟಿಕ್ಯುಲಮ್ (ಮೆಕೆಲ್ ಚೀಲ) ಇರುವುದು ಗೊತ್ತಾಯಿತು. ವೈದ್ಯರು ಅದನ್ನು ತೆಗೆಯದೆ ಹಾಗೇ ಬಿಟ್ಟಿದ್ದಾರೆ. ನೂರಕ್ಕೆ ಇಬ್ಬರಲ್ಲಿ ಇದು ಇರುತ್ತದೆ, ಹೆದರಬೇಕಿಲ್ಲ ಎಂದು ಒಂದು ಕಡೆ ಓದಿದೆ. ಅರ್ಧದಷ್ಟು ಮಂದಿಗೆ ರಕ್ತಸ್ರಾವವಾಗುತ್ತದೆ ಎಂದು ಇನ್ನೊಂದು ಕಡೆ ಇತ್ತು. ಯಾವುದನ್ನು ನಂಬಲಿ?

ಉತ್ತರ: ಎರಡಕ್ಕೂ ಆಧಾರವಿದೆ, ಆದರೆ ಎರಡನೆಯದು ಅರ್ಧಕ್ಕೇ ನಿಂತ ಮಾತು. ಈ ಚೀಲದಿಂದ ತೊಂದರೆಯಾಗಿ ಆಸ್ಪತ್ರೆಗೆ ಬಂದ ಮಕ್ಕಳ ಪೈಕಿ ಅರ್ಧದಷ್ಟು ಮಂದಿಗೆ ರಕ್ತಸ್ರಾವವಿತ್ತು ಎಂದು ಕೆಲವು ಆಸ್ಪತ್ರೆಗಳ ಲೆಕ್ಕ ಹೇಳುತ್ತದೆ. ಚೀಲ ಇರುವವರೆಲ್ಲರ ಪೈಕಿ ಅಲ್ಲ. ಈ ಒಂದು ವ್ಯತ್ಯಾಸ ತಿಳಿಯದೆ ಎಷ್ಟೋ ಮನೆಗಳಲ್ಲಿ ಸುಮ್ಮನೆ ಭಯ ಹುಟ್ಟುತ್ತದೆ.

ಮೊದಲು ಚೀಲದ ವಿಷಯ. ಗರ್ಭದ ಆರಂಭದ ವಾರಗಳಲ್ಲಿ ಭ್ರೂಣದ ಕರುಳಿಗೂ, ಮೊದಲ ವಾರಗಳಲ್ಲಿ ಅದಕ್ಕೆ ಪೋಷಣೆ ಕೊಡುವ ಅಂಡಪೀತ ಚೀಲಕ್ಕೂ (ಯೋಕ್ ಸ್ಯಾಕ್) ನಡುವೆ ಒಂದು ನಾಳವಿರುತ್ತದೆ. ಸುಮಾರು ಐದರಿಂದ ಏಳನೇ ವಾರದ ಹೊತ್ತಿಗೆ ಅದು ಮುಚ್ಚಿ ಕರಗಿಹೋಗಬೇಕು. ಕರುಳಿನ ಕಡೆಯ ತುದಿ ಮಾತ್ರ ಉಳಿದರೆ ಅದೇ ಮೆಕೆಲ್ ಚೀಲ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕವಾಟದಿಂದ ಹಿಂದಕ್ಕೆ ಸುಮಾರು ಎರಡು ಅಡಿ ದೂರದಲ್ಲಿ, ಕೈಗವಸಿನ ಬೆರಳಿನಂತೆ ಚಾಚಿಕೊಂಡಿರುತ್ತದೆ. ಉದ್ದ ಸಾಮಾನ್ಯವಾಗಿ 3ರಿಂದ 5 ಸೆಂ.ಮೀ. ಕರುಳಿನ ಗೋಡೆಯ ಎಲ್ಲ ಪದರಗಳೂ ಇದರಲ್ಲಿರುತ್ತವೆ. 1598ರಲ್ಲೇ ಫ್ಯಾಬ್ರಿಶಿಯಸ್ ಹಿಲ್ಡಾನಸ್ ಇದನ್ನು ಗಮನಿಸಿದ್ದರೂ, ಹುಟ್ಟುವ ಬಗೆಯನ್ನು 1809ರಲ್ಲಿ ವಿವರಿಸಿದ ಜರ್ಮನಿಯ ಅಂಗರಚನಾ ತಜ್ಞ ಯೋಹಾನ್ ಫ್ರೀಡ್ರಿಶ್ ಮೆಕೆಲ್ ಅವರ ಹೆಸರೇ ನಿಂತಿತು.

ಈಗ ಲೆಕ್ಕ. ತೊಂದರೆ ಕೊಡದ ಚೀಲ ಯಾರಿಗೂ ಗೊತ್ತಾಗುವುದಿಲ್ಲ. ಸಾಮಾನ್ಯ ಅಲ್ಟ್ರಾಸೌಂಡ್‌ನಲ್ಲೂ ಕಾಣುವುದು ಅಪರೂಪ. ಹಾಗಾಗಿ ಎಷ್ಟು ಜನರಲ್ಲಿದೆ ಎಂದು ತಿಳಿಯಲು ದೊಡ್ಡ ಆಸರೆ ಶವಪರೀಕ್ಷೆಗಳು. ಬೇರೆ ಕಾರಣಕ್ಕೆ ಸತ್ತವರ ಕರುಳನ್ನು ಉದ್ದಕ್ಕೂ ನೋಡಿದಾಗ ಸಿಕ್ಕ ಪ್ರಮಾಣ ಒಂದೊಂದು ಅಧ್ಯಯನದಲ್ಲಿ ಒಂದೊಂದು: ಶೇ. 0.3ರಿಂದ ಶೇ. 2.9ರವರೆಗೆ. ಶೇ. 2 ಎಂಬುದು ನೆನಪಿಗೆ ಅನುಕೂಲವಾದ ಸಂಖ್ಯೆ. ನಿಜವಾದ ಪ್ರಮಾಣ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇರಬಹುದು. ಬೇರೆ ಆಪರೇಷನ್ನಿನ ವೇಳೆ ಸಿಕ್ಕವುಗಳನ್ನು ಎಣಿಸಿದರೆ ಲೆಕ್ಕ ಹದಗೆಡುತ್ತದೆ. ಅಪೆಂಡಿಕ್ಸ್ ತೆಗೆಯುವಾಗ ಪ್ರತಿ ಸರ್ಜನ್ನರೂ ಸಣ್ಣ ಕರುಳನ್ನು ಎರಡು ಮೂರು ಅಡಿ ಹಿಂದಕ್ಕೆ ಎಳೆದು ನೋಡುವುದಿಲ್ಲವಲ್ಲ.

ಚೀಲ ಇರುವವರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ತೊಂದರೆ ಕಾಣುವವರು ಸುಮಾರು ಶೇ. 4ರಿಂದ 6. ಹತ್ತು ಸಾವಿರ ಜನರನ್ನು ತೆಗೆದುಕೊಳ್ಳಿ. ಶೇ. 2ರ ಲೆಕ್ಕದಲ್ಲಿ 200 ಮಂದಿಗೆ ಚೀಲ. ಅವರಲ್ಲಿ ತೊಂದರೆಗೆ ಸಿಗುವವರು 8ರಿಂದ 12 ಮಂದಿ. ಅದರಲ್ಲೂ ಹೆಚ್ಚಿನ ಅಪಾಯ ಬಾಲ್ಯದ ಮೊದಲ ವರ್ಷಗಳಲ್ಲಿ. ವಯಸ್ಸಾದಂತೆ ಅದು ಇಳಿಯುತ್ತದೆ ಎಂಬುದನ್ನು ಬಹುಪಾಲು ಅಧ್ಯಯನಗಳು ಒಪ್ಪುತ್ತವೆ. 28 ವರ್ಷ ಸುಮ್ಮನಿದ್ದ ಚೀಲಕ್ಕೆ ಇನ್ನು ಉಳಿದಿರುವ ಅಪಾಯ ಆ ಒಟ್ಟು ಸಂಖ್ಯೆಗಿಂತ ಕಡಿಮೆ.

ತೆಗೆಯದೆ ಬಿಟ್ಟದ್ದು ಸರಿಯೇ ಎಂಬ ಬಗ್ಗೆ ಸರ್ಜನ್ನರಲ್ಲೇ ಎರಡು ಅಭಿಪ್ರಾಯಗಳಿವೆ. ಸುಮ್ಮನಿರುವ ಚೀಲಗಳನ್ನು ತೆಗೆದು ಒಂದು ಸಾವು ತಪ್ಪಿಸಲು 758 ಆಪರೇಷನ್ ಬೇಕಾಗುತ್ತದೆ ಎಂದು 2008ರ ಒಂದು ವಿಮರ್ಶೆ ಲೆಕ್ಕ ಹಾಕಿತ್ತು. ಹೊಲಿಗೆ ಸೋರುವುದು, ಸೋಂಕು, ಮುಂದೆ ಕರುಳು ಅಂಟಿಕೊಳ್ಳುವುದು, ಇವೆಲ್ಲ ಆಪರೇಷನ್ನಿನದೇ ಅಪಾಯಗಳು. ಅಪೆಂಡಿಕ್ಸ್ ಒಡೆದು ಕೀವು ತುಂಬಿದ್ದರಂತೂ ಬಿಡುವುದೇ ಜಾಣತನ. ಇನ್ನೊಂದು ಬದಿಯವರು ನಾಲ್ಕು ಅಂಶ ನೋಡುತ್ತಾರೆ: ವಯಸ್ಸು 50ಕ್ಕಿಂತ ಕಡಿಮೆ, ಗಂಡು, ಚೀಲದ ಉದ್ದ 2 ಸೆಂ.ಮೀ.ಗಿಂತ ಹೆಚ್ಚು, ಒಳಗೆ ಬೇರೆ ಅಂಗದ ಅಂಗಾಂಶ ಇರುವಂತೆ ಕಾಣುವುದು. ನಿಮ್ಮ ತಮ್ಮನಿಗೆ ಮೊದಲೆರಡು ಹೊಂದುತ್ತವೆ. ಆದ್ದರಿಂದ ಆಪರೇಷನ್ ನೋಟ್ಸ್‌ನ ಪ್ರತಿ ಕೇಳಿ ಪಡೆಯಿರಿ. ಉದ್ದ ಎಷ್ಟು, ಗೋಡೆ ಎಲ್ಲಾದರೂ ದಪ್ಪಗಿತ್ತೇ, ತುದಿಯಿಂದ ಹೊಕ್ಕುಳಿಗೆ ನಾರಿನಂಥ ಪಟ್ಟಿ ಇತ್ತೇ ಎಂಬುದನ್ನು ಅದರಲ್ಲಿ ನೋಡಬೇಕು. ಅಂಥ ಪಟ್ಟಿಯ ಸುತ್ತ ಕರುಳು ತಿರುಚಿಕೊಳ್ಳಬಹುದು, ಹಾಗಾಗಿ ಪಟ್ಟಿ ಇದ್ದರೆ ಸರ್ಜನ್ನರ ಜೊತೆ ಮತ್ತೆ ಮಾತಾಡಿ. ಮುಂದೆ ಹೊಟ್ಟೆನೋವಿಗೆ ಯಾವ ವೈದ್ಯರ ಬಳಿ ಹೋದರೂ ಆ ಕಾಗದ ಜೊತೆಗಿರಲಿ.

ಪ್ರಶ್ನೆ: ನಮ್ಮ ದೊಡ್ಡ ಮಗನಿಗೆ ಇದೇ ಕಾರಣಕ್ಕೆ ಆಪರೇಷನ್ ಆಗಿದೆ. ಗಂಡುಮಕ್ಕಳಿಗೇ ಹೆಚ್ಚಂತೆ. ಚಿಕ್ಕವನಿಗೂ ಪರೀಕ್ಷೆ ಮಾಡಿಸಬೇಕೆ?

ಉತ್ತರ: ಬೇಡ. ಇದು ತಂದೆ ತಾಯಿಯಿಂದ ನೇರವಾಗಿ ಇಳಿದು ಬರುವ ರೋಗವಲ್ಲ. ಶವಪರೀಕ್ಷೆಗಳಲ್ಲಿ ಗಂಡು, ಹೆಣ್ಣುಗಳ ನಡುವೆ ದೊಡ್ಡ ಅಂತರ ಕಾಣುವುದಿಲ್ಲ. ತೊಂದರೆಯಾಗಿ ಬರುವವರಲ್ಲಿ ಮಾತ್ರ ಗಂಡುಮಕ್ಕಳು ಎರಡು ಪಟ್ಟು, ಕೆಲವೆಡೆ ಅದಕ್ಕೂ ಹೆಚ್ಚು. ಅನ್ನನಾಳ ಅಥವಾ ಗುದದ್ವಾರ ಸರಿಯಾಗಿ ರೂಪುಗೊಳ್ಳದೆ ಹುಟ್ಟಿದ ಮಕ್ಕಳಲ್ಲಿ ಈ ಚೀಲ ಹೆಚ್ಚು ಕಾಣುತ್ತದೆ. ಚಿಕ್ಕವನ ಹೊಕ್ಕುಳಿನಿಂದ ಸದಾ ದ್ರವ ಒಸರುತ್ತಿದ್ದರೆ ಮಾತ್ರ ತೋರಿಸಿ, ನಾಳವೇ ತೆರೆದು ಉಳಿದಿರಬಹುದು.

ಪ್ರಶ್ನೆ: ಒಂದೂವರೆ ವರ್ಷದ ಮಗಳಿಗೆ ನೋವಿಲ್ಲದೆ ಮಲದಲ್ಲಿ ಬಹಳ ರಕ್ತ ಹೋಯಿತು. ‘ಮೆಕೆಲ್ ಸ್ಕ್ಯಾನ್’ನಲ್ಲಿ ಏನೂ ಸಿಗಲಿಲ್ಲ. ಹಾಗಾದರೆ ಚೀಲ ಇಲ್ಲವೆಂದು ಅರ್ಥವೇ?

ಉತ್ತರ: ಅಲ್ಲ. ಆ ಸ್ಕ್ಯಾನ್ ಹುಡುಕುವುದು ಚೀಲವನ್ನಲ್ಲ, ಅದರೊಳಗೆ ಸೇರಿಕೊಂಡ ಜಠರದ ಒಳಪದರವನ್ನು. ಆ ಪದರ ಆಮ್ಲ ಸುರಿಸುತ್ತದೆ, ಪಕ್ಕದ ಕರುಳಿನ ಗೋಡೆ ಹುಣ್ಣಾಗುತ್ತದೆ, ಹುಣ್ಣಿನಿಂದ ರಕ್ತ ಬರುತ್ತದೆ. ರಕ್ತನಾಳಕ್ಕೆ ಕೊಡುವ ಟೆಕ್ನೀಷಿಯಂ-99ಎಂ ಪರ್‌ಟೆಕ್ನಿಟೇಟ್ ಎಂಬ ವಿಕಿರಣ ಸೂಸುವ ಔಷಧ ಜಠರದ ಪದರ ಇರುವಲ್ಲಿ ಸೇರಿ ಸ್ಕ್ಯಾನ್ ಚಿತ್ರದಲ್ಲಿ ಹೊಳೆಯುತ್ತದೆ. ಮಕ್ಕಳಲ್ಲಿ ಇದು ನೂರಕ್ಕೆ ಸುಮಾರು 85 ಸಲ ಸರಿಯಾಗಿ ಹಿಡಿಯುತ್ತದೆ, ಉಳಿದ 15 ತಪ್ಪಿಹೋಗುತ್ತವೆ. ದೊಡ್ಡವರಲ್ಲಿ ಇನ್ನೂ ಹೆಚ್ಚು ತಪ್ಪುತ್ತವೆ. ಪದರ ತೀರ ಚಿಕ್ಕದಿದ್ದರೆ, ರಕ್ತ ರಭಸದಿಂದ ಹರಿದು ಔಷಧ ಕೊಚ್ಚಿಹೋದರೆ, ತುಂಬಿದ ಮೂತ್ರಕೋಶದ ಹೊಳಪು ಚೀಲವನ್ನು ಮರೆಮಾಡಿದರೆ ಸಿಗುವುದಿಲ್ಲ. ಹಿಂದಿನ ಕೆಲವು ದಿನಗಳಲ್ಲಿ ಎಕ್ಸ್‌ರೇಗಾಗಿ ಬೇರಿಯಂ ದ್ರವ ಕುಡಿಸಿದ್ದರೂ ಅಡ್ಡಿ.

ಮತ್ತೆ ರಕ್ತ ಹೋದರೆ ಸ್ಕ್ಯಾನನ್ನು ಇನ್ನೊಮ್ಮೆ ಮಾಡಬಹುದು. ಮಗು ಖಾಲಿ ಹೊಟ್ಟೆಯಲ್ಲಿರಬೇಕು, ಮೂತ್ರ ಮಾಡಿಸಿರಬೇಕು. ಆಮ್ಲ ತಗ್ಗಿಸುವ ಎಚ್2 ಬ್ಲಾಕರ್ ಗುಂಪಿನ ಔಷಧ ಮೊದಲೇ ಕೊಟ್ಟರೆ ಪದರ ಟೆಕ್ನೀಷಿಯಂ ಅನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಇದನ್ನು ಮುಂಚೆಯೇ ವೈದ್ಯರಲ್ಲಿ ಕೇಳಿ. ಅನುಮಾನ ಬಲವಾಗಿದ್ದರೆ ಲ್ಯಾಪರೊಸ್ಕೋಪಿಯಿಂದ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ) ನೇರ ನೋಡುವುದು ಹೆಚ್ಚು ಖಚಿತ. ಚೀಲ ಸಿಕ್ಕರೆ ಅಲ್ಲೇ ತೆಗೆಯಲೂಬಹುದು. ಹುಣ್ಣು ಚೀಲದ ಹೊರಗೆ, ಕರುಳಿನ ಗೋಡೆಯಲ್ಲೇ ಇದ್ದರೆ ಆ ತುಂಡನ್ನೂ ಸೇರಿಸಿ ತೆಗೆಯುವುದುಂಟು.

ಅಷ್ಟರವರೆಗೆ ಹಿಮೋಗ್ಲೋಬಿನ್ ಗಮನಿಸುತ್ತಿರಿ. ಮತ್ತೆ ರಕ್ತ ಹೋದರೆ, ಮಗು ಬಿಳಿಚಿಕೊಂಡು ಮಂಕಾದರೆ, ಹಸಿರು ವಾಂತಿ ಮಾಡಿದರೆ, ಹೊಟ್ಟೆ ಉಬ್ಬಿದರೆ, ಅಥವಾ ಬಿಟ್ಟುಬಿಟ್ಟು ಕಾಲು ಮಡಚಿ ಚೀರಿದರೆ ಬೆಳಗಾಗಲೆಂದು ಕಾಯದೆ ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಆಹಾರಪಥ್ಯದಿಂದ ಇದನ್ನು ತಡೆಯಬಹುದೆ?

ಉತ್ತರ: ಆಗುವುದಿಲ್ಲ. ಗರ್ಭಿಣಿ ತಿಂದದ್ದರಿಂದ ಇದು ಬಂದದ್ದೂ ಅಲ್ಲ, ಮಗುವಿನ ಊಟ ಬದಲಿಸಿದರೆ ಹೋಗುವುದೂ ಇಲ್ಲ.